ಲಂಡನ್ನಿನ ಗೆಳೆಯನ ಮನೆಯಲ್ಲಿ ಐದು ದಿನ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ನಾಡಿಗೆ ದೂರದೇಶದವರು ಬಂದುಹೋದದ್ದು ಹೊಸ ಸಂಗತಿಯೇನಲ್ಲ. ಕೃಷ್ಣೆಯ ಆಚೆಯ ದಂಡೆಯ ಸುರಪುರಕ್ಕೆ 1841ರಲ್ಲಿ ಬಂದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಹನ್ನೆರಡು ವರ್ಷಗಳ ಕಾಲ ಅಲ್ಲಿನ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಲಿಂಗಸುಗೂರಿನಲ್ಲಿ ಸೇನೆಯ ಛಾವಣಿ ಇತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಿಲಾಶಾಸನವನ್ನು ಕಂಡು ಲೋಕಕ್ಕೆ ತಿಳಿಸಿದನು. ಅವರೆಲ್ಲ ಬಂದದ್ದು ಆಳುವುದಕ್ಕೆ, ಇಲ್ಲವೇ ಅಗೆಯುವುದಕ್ಕೆ. ಈಗ ದಾರಿ ತಿರುಗಿದೆ. ನಮ್ಮ ಹಳ್ಳಿಗಳ ಮಕ್ಕಳು ಅವರ ರಾಜಧಾನಿಗೆ ಹೋಗಿ ಅಲ್ಲಿನ ರೋಗಿಗಳ ಆರೈಕೆ ಮಾಡುತ್ತಿದ್ದಾರೆ, ಬಸ್ಸು ನಡೆಸುತ್ತಿದ್ದಾರೆ, ಗಣಕಯಂತ್ರದ ಮುಂದೆ ಕುಳಿತು ದುಡಿಯುತ್ತಿದ್ದಾರೆ. ಹಾಗೆ ಹೋದವರ ಬದುಕು ಹೊರಗಿನಿಂದ ಬಹಳ ಸೊಗಸಾಗಿ ಕಾಣುತ್ತದೆ. ಒಳಗೆ ಹೇಗಿದೆಯೆಂಬುದು ಅವರ ಮನೆಯಲ್ಲಿ ನಾಲ್ಕು ದಿನ ಇದ್ದು, ಅವರೊಡನೆ ಉಂಡು ನೋಡಿದಾಗಲೇ ತಿಳಿಯುತ್ತದೆ.

ಪಾಮನಕಲ್ಲೂರಿನ ನನ್ನ ಬಾಲ್ಯದ ಗೆಳೆಯನೊಬ್ಬ ಇಪ್ಪತ್ತು ವರ್ಷಗಳಿಂದ ಲಂಡನ್ನಿನಲ್ಲಿದ್ದಾನೆ. ವೃತ್ತಿಯಿಂದ ಆತ ಆಸ್ಪತ್ರೆಯ ಶುಶ್ರೂಷಕ. ನಾವಿಬ್ಬರೂ ಒಂದೇ ಓಣಿಯವರು, ಒಂದೇ ತರಗತಿಯಲ್ಲಿ ಓದಿದವರು, ಮಠವೊಂದರ ಪ್ರಸಾದನಿಲಯದಲ್ಲಿ ಒಂದೇ ಸಾಲಿನಲ್ಲಿ ಕುಳಿತು ಉಂಡವರು. ನಾನು ಶಿಕ್ಷಕನಾಗಿ ಈ ಕಡೆಯೇ ಉಳಿದು 2023ರಲ್ಲಿ ನಿವೃತ್ತನಾದೆ. ಮರುವರ್ಷ, ಅಂದರೆ 2024ರ ಜೂನ್ ತಿಂಗಳಲ್ಲಿ, ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಾಗ ದಾರಿಯಲ್ಲಿ ಐದು ದಿನ ಲಂಡನ್ನಿನಲ್ಲಿ ತಂಗಿ ಗೆಳೆಯನನ್ನು ಕಂಡು ಹೋಗಬೇಕೆಂದು ನಿಶ್ಚಯಿಸಿದೆ.

ಹೊರಡುವ ಹಿಂದಿನ ಸಂಜೆ ಅವನ ತಾಯಿಯನ್ನು ಕಾಣಲು ಹೋದೆ. ಎಂಬತ್ತೆರಡು ವಯಸ್ಸಿನ ಆ ತಾಯಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಯಜಮಾನರು 2021ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಮಗನಿಗಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎರಡು ವಿಭೂತಿ ಗಟ್ಟಿಗಳನ್ನು ಬಿಳಿಯ ಅರಿವೆಯಲ್ಲಿ ಕಟ್ಟಿಟ್ಟಿದ್ದಳು. ಮನೆಯ ತುಪ್ಪವನ್ನೂ ಡಬ್ಬಿಗೆ ತುಂಬಿದ್ದಳು. ಹಾಲು-ತುಪ್ಪದ ಪದಾರ್ಥಗಳನ್ನು ನಮ್ಮ ದೇಶದಿಂದ ಆ ದೇಶದೊಳಕ್ಕೆ ಒಯ್ಯಲು ಕಾನೂನಿನ ಪ್ರತಿಬಂಧವಿದೆಯೆಂದು ತಿಳಿಸಿದೆ. "ತುಪ್ಪಕ್ಕ ಯಾಕ ಹೆದರ್ತಾರವ್ವಾ ಆ ಮಂದಿ!" ಎಂದು ನಕ್ಕು ಡಬ್ಬಿಯನ್ನು ಒಳಗಿಟ್ಟಳು. ನಾನು ಎದ್ದು ನಿಂತಾಗ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ತಮ್ಮಾ, ಅಂವಗ ಊರಿಗಿ ಬಾ ಅಂತ ಹೇಳಬ್ಯಾಡ. ಎಷ್ಟಾದ್ರ ಸಾಕು ಅಂತ ಒಂದು ಮಾತು ಕೇಳ್ಕೊಂಡು ಬಾ."

ಓದು ಬಾರದ ಆ ತಾಯಿಯ ಪ್ರಶ್ನೆ ನಮ್ಮ ನೆಲದ್ದೇ ಆದ ಒಂದು ಹಳೆಯ ಪ್ರಶ್ನೆ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಸಮೀಪದ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರು. ಅವರು ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬ ಕಥೆಯನ್ನು ನಮ್ಮ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ಮಾರಯ್ಯನವರೂ ಊರು ಬಿಟ್ಟು ದುಡಿಯಲು ಹೋದವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಊರು ಬಿಡುವುದನ್ನು ಶರಣರು ತಪ್ಪೆನ್ನಲಿಲ್ಲ. ಸಾಕೆಂಬುದರ ಅಳತೆಯನ್ನು ಮರೆಯುವುದನ್ನು ಮಾತ್ರ ಅವರು ಒಪ್ಪಲಿಲ್ಲ.

ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ವಿಮಾನವೇರಿ ಲಂಡನ್ನಿನ ಹೀಥ್ರೂ ತಲುಪಿದೆ. ಗೆಳೆಯ ರಾತ್ರಿಪಾಳಿ ಮುಗಿಸಿ ನೇರವಾಗಿ ನಿಲ್ದಾಣಕ್ಕೇ ಬಂದಿದ್ದ. ತಲೆಗೂದಲು ಪೂರ್ಣ ಬೆಳ್ಳಗಾಗಿತ್ತು. ಹಣೆಯ ಮೇಲೆ ತೆಳುವಾದ ವಿಭೂತಿ ಇತ್ತು. "ದೋಸ್ತಾ, ಅವ್ವ ಹೆಂಗದಾಳ?" ಎಂಬುದೇ ಅವನ ಮೊದಲ ಮಾತು. 2022ರ ಮೇ ತಿಂಗಳಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ರೈಲಿನಲ್ಲಿ ವೈಟ್‌ಚಾಪೆಲ್‌ವರೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಈಸ್ಟ್ ಹ್ಯಾಮ್ ಎಂಬ ಬಡಾವಣೆಗೆ ಬಂದೆವು. ನೆಲದೊಳಗೆ ರೈಲು ಓಡಿಸುವ ಸಾಹಸವನ್ನು ಆ ನಗರ 1863ರಲ್ಲಿಯೇ ಮಾಡಿತ್ತೆಂದು ಮಕ್ಕಳಿಗೆ ಪಾಠ ಹೇಳಿದ್ದೆ. ಕುಳಿತು ಪ್ರಯಾಣ ಮಾಡಿದಾಗ ನನಗೆ ಹೆಚ್ಚು ಸೋಜಿಗವೆನಿಸಿದ್ದು ಎದುರಿನ ಆಸನದಲ್ಲಿದ್ದ ಆರು ಜನರು. ಅವರಲ್ಲಿ ಇಬ್ಬರ ಬಣ್ಣ ಒಂದಲ್ಲ, ಇಬ್ಬರ ಉಡುಪು ಒಂದಲ್ಲ. ಯಾರೂ ಯಾರನ್ನೂ ನೋಡದೆ, ಯಾರಿಗೂ ಅಡ್ಡಿಯಾಗದೆ ಕುಳಿತಿದ್ದರು.

ಈಸ್ಟ್ ಹ್ಯಾಮಿನ ಬೀದಿಗೆ ಕಾಲಿಟ್ಟರೆ ಸಿಂಧನೂರಿನ ಸಂತೆಯ ದಿನ ನೆನಪಾಯಿತು. ಅಂಗಡಿಗಳ ಮುಂದೆ ಬೆಂಡೆ, ಹೀರೆ, ಕರಿಬೇವು, ಮಾವಿನ ಹಣ್ಣಿನ ಪೆಟ್ಟಿಗೆಗಳು. ಒಂದು ಕಡೆ ದೋಸೆ ಹೋಟೆಲು, ಮಗ್ಗುಲಲ್ಲಿ ಚಿನ್ನದ ಅಂಗಡಿ, ಎದುರಿಗೆ ಕ್ಷೌರದಂಗಡಿ. ಕಿವಿಗೆ ತಮಿಳು, ಬಂಗಾಳಿ, ಗುಜರಾತಿ, ಪಂಜಾಬಿ ಎಲ್ಲವೂ ಬೀಳುತ್ತವೆ. ಜೋಳದ ಹಿಟ್ಟು ಕೂಡ ಚೀಲದಲ್ಲಿ ದೊರೆಯುತ್ತದೆ. ಆದರೆ ಗೆಳೆಯನ ಮನೆಯವರ ಮಾತಿನಲ್ಲಿ ಹೇಳುವುದಾದರೆ, ಅದು ಜೋಳವೇ ಹೌದು, ಬಿಳಿಜೋಳವಲ್ಲ, ತಟ್ಟಿದರೆ ಬಿರಿಯುತ್ತದೆ. ಅಲ್ಲಿನ ಮನೆಗಳು ಒಂದಕ್ಕೊಂದು ಗೋಡೆ ಅಂಟಿಕೊಂಡು ಉದ್ದಕ್ಕೆ ಸಾಲಾಗಿವೆ. ಮುಂದೆ ನಾಲ್ಕು ಹೆಜ್ಜೆ ಅಂಗಳ, ಹಿಂದೆ ಒಂದಿಷ್ಟು ಹಿತ್ತಲು, ಕಿರಿದಾದ ಮರದ ಮೆಟ್ಟಿಲು. ಅಂಥದೊಂದು ಮನೆಯನ್ನು ಗೆಳೆಯ ಬ್ಯಾಂಕಿನ ಸಾಲದಿಂದ ಕೊಂಡಿದ್ದಾನೆ. ಸಾಲ ಇನ್ನೂ ತೀರಿಲ್ಲ.

ಮನೆಯಲ್ಲಿ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗ. ಮಗಳು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾಳೆ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ನಾವು ಏಳು ಜನರಿದ್ದೆವು. ಕರ್ನಾಟಕದಿಂದ ಹೊಸದಾಗಿ ಬಂದ ಇಬ್ಬರು ನರ್ಸ್ ಹುಡುಗಿಯರು, ಓದಲು ಬಂದ ಒಬ್ಬ ಹುಡುಗ. ಮೊದಲ ಸಂಬಳ ಕೈಗೆ ಬಂದು, ಕೋಣೆ ಗೊತ್ತಾಗುವವರೆಗೆ ಇಲ್ಲಿಯೇ ಇರುತ್ತಾರಂತೆ. ಬಾಡಿಗೆಯ ಮಾತಿಲ್ಲ. ಇವರು ಹೋದರೆ ಇನ್ನಿಬ್ಬರು ಬರುತ್ತಾರೆ. "ಎಷ್ಟು ವರ್ಷದಿಂದ ಹೀಗೆ ನಡೆದಿದೆ, ತಂಗೆವ್ವಾ?" ಎಂದು ಗೆಳೆಯನ ಹೆಂಡತಿಯನ್ನು ಕೇಳಿದೆ. ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸದಲ್ಲಿರುವ ಆ ಹೆಣ್ಣುಮಗಳು ರೊಟ್ಟಿ ಮಗುಚುತ್ತಲೇ ಉತ್ತರ ಕೊಟ್ಟಳು: "ಎಣಿಸಿಲ್ಲ ಅಣ್ಣಾರ. ಎಣಿಸಿದ್ರ ಬೇಸರ ಬರ್ತದ."

ಇದರ ಹಿಂದೆ ಒಂದು ಕಥೆಯಿದೆ. ಗೆಳೆಯ 2004ರಲ್ಲಿ ಹೊರಟಾಗ ಅವನ ತಂದೆ ನಾಲ್ಕು ಎಕರೆ ಎರಿಭೂಮಿಯನ್ನು ಒತ್ತೆಯಿಟ್ಟು ಮಧ್ಯವರ್ತಿಗೆ ಹಣ ತೆತ್ತಿದ್ದರು. ಹೊರದೇಶದಲ್ಲಿ ಕಲಿತ ನರ್ಸುಗಳು ಅಲ್ಲಿನ ನೋಂದಣಿ ಪಡೆಯುವ ಮುನ್ನ ಕೆಲವು ತಿಂಗಳು ಹಿರಿಯರ ಕಣ್ಗಾವಲಿನಲ್ಲಿ ದುಡಿಯಬೇಕಾಗಿತ್ತು. ಮಧ್ಯವರ್ತಿ ಹೇಳಿದ ಜಾಗ ಸಿದ್ಧವಿರಲಿಲ್ಲ. ಆರು ವಾರ ಕೆಲಸವಿಲ್ಲದೆ, ಒಂದು ಕೋಣೆಯಲ್ಲಿ ಐವರ ಜೊತೆ ಮಲಗಿ, ಕೈಯಲ್ಲಿದ್ದ ಹಣ ಕರಗಿದಾಗ ಯಾರೋ ಪಂಜಾಬಿ ವೃದ್ಧರು ಅವನನ್ನು ಸೌತಾಲ್ ಎಂಬ ಬಡಾವಣೆಯ ಗುರುದ್ವಾರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಯಾರು, ಎತ್ತ ಎಂದು ಕೇಳದೆ ತಟ್ಟೆಗೆ ರೊಟ್ಟಿ, ಬೇಳೆ ಬಡಿಸಿದರು. ಎಷ್ಟೋ ದಿನ ಅವನ ಒಪ್ಪತ್ತಿನ ಊಟ ಅಲ್ಲಿಯೇ ನಡೆಯಿತು.

ಮೂರನೆಯ ದಿನ ನನ್ನನ್ನೂ ಅಲ್ಲಿಗೆ ಕರೆದೊಯ್ದ. ತಲೆಗೆ ವಸ್ತ್ರ ಕಟ್ಟಿಕೊಂಡು, ನೆಲದ ಮೇಲೆ ಸಾಲಿನಲ್ಲಿ ಕುಳಿತೆವು. ಪಕ್ಕದಲ್ಲಿ ಒಬ್ಬ ಆಂಗ್ಲ ಮುದುಕ, ಅವನಾಚೆ ಕಾಲೇಜಿನ ಹುಡುಗಿಯರು, ಆಚೆ ಕಟ್ಟಡ ಕಟ್ಟುವ ಕೂಲಿಯವರು. ಊಟ ಮುಗಿದ ಮೇಲೆ ಗೆಳೆಯ ಒಂದು ತಾಸು ತಟ್ಟೆ ತೊಳೆದ. ನಾನೂ ಜೊತೆಗೆ ನಿಂತೆ. ಕೈ ಒರೆಸಿಕೊಳ್ಳುತ್ತ ಆತ ಹೇಳಿದ: "ನಮ್ಮ ಪ್ರಸಾದನಿಲಯದಾಗ ಉಂಡಾಗ ಇದು ದಾಸೋಹ ಅಂತ ಬಾಯಿಲೆ ಕಲಿತಿದ್ದೆ. ಅದರ ಅರ್ಥ ಹಸಿದಾಗ ಇಲ್ಲಿ ತಿಳೀತು." ಬೇರೆ ಧರ್ಮದವರ ಪಂಕ್ತಿಯಲ್ಲಿ ಕುಳಿತು ತನ್ನ ಧರ್ಮದ ಮಾತಿನ ಅರ್ಥ ಕಂಡುಕೊಂಡ ಈ ಸಂಗತಿ ನನಗೆ ಬಹಳ ದೊಡ್ಡದಾಗಿ ಕಂಡಿತು. ಪರಸ್ಥಳದಲ್ಲಿ ಉಂಡ ಅನ್ನದ ಋಣವನ್ನು ಅವನು ತನ್ನ ಮನೆಯ ಊಟದ ಮೇಜಿನಲ್ಲಿ ತೀರಿಸುತ್ತಿದ್ದಾನೆ.

ಮನೆಯ ನಿತ್ಯಕ್ರಮದ ಬಗ್ಗೆಯೂ ಎರಡು ಮಾತು ಹೇಳಬೇಕು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ಗಂಟೆ ದಾಟಿದರೂ ಸೂರ್ಯ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರ ಸುಮಾರಿಗೆ ಹುಟ್ಟಿದವನು ಸಂಜೆ ನಾಲ್ಕರೊಳಗೆ ಮರೆಯಾಗುತ್ತಾನೆ. ಇನ್ನು ಪಾಳಿಯ ಕೆಲಸದವನಿಗೆ ಉದಯವೆಲ್ಲಿ, ಅಸ್ತವೆಲ್ಲಿ? ಗೆಳೆಯ ರಾತ್ರಿಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಹತ್ತು ಗಂಟೆಗೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಕೂಡುತ್ತಾನೆ. ಹೊರಗೆ ಬಸ್ಸುಗಳ ಸದ್ದು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಅವನಿಗೆ ಅದೇ ಪ್ರಾತಃಕಾಲ. ಗುಡಿ ಬೇಡದ, ಪೂಜಾರಿ ಬೇಡದ, ಅಂಗೈಯಲ್ಲಿಯೇ ನೆಲೆಗೊಂಡ ಪೂಜೆಯನ್ನು ನಮ್ಮ ಹಿರಿಯರು ಕೊಟ್ಟುಹೋದದ್ದು ಇಂಥ ದೂರದ ಮಕ್ಕಳಿಗೆ ಎಷ್ಟೊಂದು ಅನುಕೂಲವಾಯಿತೆಂದು ನೋಡುತ್ತ ಕುಳಿತೆ.

ಎರಡನೆಯ ದಿನ ಥೇಮ್ಸ್ ನದಿಯ ದಂಡೆಗೆ ಹೋದೆವು. 346 ಕಿಲೋಮೀಟರ್ ಉದ್ದದ ಈ ನದಿ ನಮ್ಮ ಕೃಷ್ಣೆಯ ಮುಂದೆ ಚಿಕ್ಕದು. ಆದರೆ ಅದರ ನಡತೆ ವಿಚಿತ್ರ. ಸಮುದ್ರದ ಭರತ ದಿನಕ್ಕೆ ಎರಡು ಬಾರಿ ನಗರದೊಳಕ್ಕೆ ನುಗ್ಗಿ ಬರುತ್ತದೆ. ಆಗ ನದಿ ಹಿಂದಕ್ಕೆ ಹರಿಯುತ್ತದೆ. ಲಂಡನ್ ಸೇತುವೆಯ ಬಳಿ ನೀರಿನ ಮಟ್ಟ ಸುಮಾರು ಏಳು ಮೀಟರ್ ಏರಿ ಇಳಿಯುತ್ತದೆ. "ಇಪ್ಪತ್ತು ವರ್ಷ ಆತು, ಇನ್ನೂ ಇದರ ಮುಂದ ನಿಂತ್ರ ನಮ್ಮ ಕಾಲುವೆ ನೆಪ್ಪಾಗ್ತದ" ಎಂದ ಗೆಳೆಯ. ನಾರಾಯಣಪುರ ಬಲದಂಡೆಯ 5ಎ ಕಾಲುವೆಯಿಂದ ನಮ್ಮ ಒಣಭೂಮಿಗಳಿಗೆ ನೀರು ಕೊಡಬೇಕೆಂದು 2020ರ ನವೆಂಬರಿನಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದು, ಅದು ತಿಂಗಳುಗಟ್ಟಲೆ ನಡೆದದ್ದು ಈ ಭಾಗದ ಓದುಗರಿಗೆ ತಿಳಿದೇ ಇದೆ. ಗೆಳೆಯನ ತಂದೆ ಇಳಿವಯಸ್ಸಿನಲ್ಲಿಯೂ ಆ ಪೆಂಡಾಲಿನಲ್ಲಿ ಹೋಗಿ ಕೂಡುತ್ತಿದ್ದರು. ಲಂಡನ್ನಿನಿಂದ ಹಣ ಕಳಿಸುವ ಮಗನಿದ್ದರೂ ಅವರಿಗೆ ಬೇಕಾಗಿದ್ದದ್ದು ಹೊಲಕ್ಕೆ ನೀರು.

ವೆಸ್ಟ್‌ಮಿನ್ಸ್ಟರ್ ಸೇತುವೆ ದಾಟಿ ದಕ್ಷಿಣದ ದಂಡೆಗೆ ಇಳಿದರೆ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ದಾದಿಯರ ತರಬೇತಿ ಶಾಲೆಯನ್ನು ತೆರೆದದ್ದು ಈ ಆಸ್ಪತ್ರೆಯ ಆಶ್ರಯದಲ್ಲಿ. ಕುಲೀನರು ಕೀಳೆಂದು ಬಗೆಯುತ್ತಿದ್ದ ಕೆಲಸವನ್ನು ಆಕೆ ಗೌರವದ ಕಾಯಕವನ್ನಾಗಿ ಮಾಡಿದಳು. ಈ ಆಸ್ಪತ್ರೆಯ ನದಿಯ ಕಡೆಯ ಗೋಡೆಯ ಮೇಲೆ ಕೋವಿಡ್ ರೋಗದಿಂದ ಮಡಿದವರ ನೆನಪಿಗಾಗಿ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಒಬ್ಬರಿಗೆ ಒಂದು ಹೃದಯ. 2021ರ ಮಾರ್ಚಿನಲ್ಲಿ ದುಃಖಿತ ಕುಟುಂಬದವರೇ ಬರೆಯತೊಡಗಿದ್ದು ಈಗ ಎರಡು ಲಕ್ಷಕ್ಕೂ ಮಿಕ್ಕಿವೆ. ಸುಮಾರು ಅರ್ಧ ಕಿಲೋಮೀಟರ್ ಉದ್ದ ಆ ಗೋಡೆ ಸಾಗುತ್ತದೆ. ನದಿಯ ಆಚೆ ದಂಡೆಯಲ್ಲಿ, ಸರಿಯಾಗಿ ಎದುರಿಗೆ, ಆ ದೇಶದ ಸಂಸತ್ತು. ಬಿಸಿಲು-ಮಳೆಗೆ ಬಣ್ಣ ಮಾಸಿದ ಹೃದಯಗಳಿಗೆ ಸ್ವಯಂಸೇವಕರು ಮತ್ತೆ ಮತ್ತೆ ಬಣ್ಣ ತುಂಬುತ್ತಾರೆ.

ಅಲ್ಲಿ ಗೆಳೆಯನ ನಡಿಗೆ ನಿಧಾನವಾಯಿತು. 2020ರ ಏಪ್ರಿಲಿನಲ್ಲಿ ತನ್ನ ವಾರ್ಡಿನಲ್ಲಿ ಕಂಡದ್ದನ್ನು ಹೇಳತೊಡಗಿದ. ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಪ್ರಾಣ ಬಿಡುವವರ ಮುಖದ ಮುಂದೆ ಫೋನು ಹಿಡಿದು, ಅವರ ಮಕ್ಕಳ ಮಾತನ್ನು ಕೇಳಿಸುವುದೇ ಅವನ ಕೆಲಸವಾಗಿತ್ತು. ಒಂದು ವರ್ಷದ ನಂತರ ಅದೇ ಫೋನಿನಲ್ಲಿ ಅವನು ತನ್ನ ತಂದೆಯ ಮುಖ ನೋಡಬೇಕಾಯಿತು. ರೋಗದ ಎರಡನೆಯ ಅಲೆಯಲ್ಲಿ ಭಾರತದಿಂದ ಬರುವವರಿಗೆ ಬ್ರಿಟನ್ 2021ರ ಏಪ್ರಿಲ್ 23ರಿಂದ ಕಟ್ಟುನಿಟ್ಟಿನ ನಿರ್ಬಂಧ ಹೇರಿತ್ತು. ಮರಳಿದವರು ಹತ್ತು ದಿನ ಹೋಟೆಲಿನಲ್ಲಿ ಪ್ರತ್ಯೇಕವಾಗಿರಬೇಕಿತ್ತು. ಹೊರಡುವ ಸಿದ್ಧತೆ ಮಾಡುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹೊಲದಲ್ಲಿ ತಂದೆಯ ಸಮಾಧಿ ಕ್ರಿಯೆ ನಡೆದಾಗ ನಾನೇ ಫೋನು ಹಿಡಿದು ನಿಂತಿದ್ದೆ. ಮಗನು ಹಾಕಬೇಕಾದ ಹಿಡಿಮಣ್ಣನ್ನು ತಮ್ಮಂದಿರ ಮಗ ಹಾಕಿದ. ಅತ್ತ ಗೆಳೆಯ ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ.

"ಆ ರಾತ್ರಿ ಮನೀಗಿ ಹೋಗು ಅಂದ್ರು. ನಾ ಹೋಗಲಿಲ್ಲ. ವಾರ್ಡಿನ್ಯಾಗ ಒಬ್ಬ ಮುದುಕ ಇದ್ದ, ಬ್ಯಾರೆ ಬ್ಯಾನಿ. ಅಂವಗ ಯಾರೂ ಇರಲಿಲ್ಲ. ಬೆಳಗಾಗೂತನ ಬಾಯಿಗೆ ನೀರು ಹನಿಸಿದೆ. ಅಪ್ಪಗ ಕೊಡಬೇಕಾದ ನೀರು ಅಂತ ತಿಳಕೊಂಡು ಕೊಟ್ಟೆ." ಇಷ್ಟು ಹೇಳಿ ಗೆಳೆಯ ನದಿಯ ಕಡೆ ತಿರುಗಿ ನಿಂತ. ನಾನು ಏನೂ ಹೇಳಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೈಯಿಟ್ಟು ಇಬ್ಬರೂ ಬಹಳ ಹೊತ್ತು ನಿಂತೆವು.

ಆ ದಂಡೆಯ ಗುಂಟ ಇನ್ನೂ ಮುಂದೆ ನಡೆದರೆ ಲ್ಯಾಂಬೆತ್ ಅರಮನೆ, ಲ್ಯಾಂಬೆತ್ ಸೇತುವೆ. ಅದರ ಸಮೀಪ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ನಮ್ಮ ಬಸವಣ್ಣನವರ ಪುತ್ಥಳಿಯಿದೆ. ಕಲಬುರಗಿಯಿಂದ ಹೋಗಿ ಲ್ಯಾಂಬೆತ್ ಪುರಸಭೆಯ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಇದು ಸಾಧ್ಯವಾಯಿತು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಇದನ್ನು ಅನಾವರಣಗೊಳಿಸಿದರು. ವಿದ್ಯಾರ್ಥಿ ದೆಸೆಯಲ್ಲಿ ಡಾ. ಬಾಬಾಸಾಹೇಬ್ ಅಂಬೇಡ್ಕರರು ವಾಸಿಸಿದ್ದ, ಕಿಂಗ್ ಹೆನ್ರೀಸ್ ರಸ್ತೆಯ ಹತ್ತನೆಯ ನಂಬರಿನ ಮನೆ ಸ್ಮಾರಕವಾಗಿ ಉದ್ಘಾಟನೆಗೊಂಡದ್ದೂ ಅದೇ ದಿನ. ಎಂಟು ಶತಮಾನಗಳ ಅಂತರದ ಈ ಇಬ್ಬರು ಸಮತಾವಾದಿಗಳನ್ನು ಆ ನಗರ ಒಂದೇ ದಿನ ಬರಮಾಡಿಕೊಂಡಿತೆಂಬುದು ನೆನಪಿಡಬೇಕಾದ ಸಂಗತಿ.

ಪುತ್ಥಳಿಯ ಮುಂದೆ ನಿಂತು ಶರಣು ಮಾಡಿದೆ. ಅನುಭವ ಮಂಟಪದಲ್ಲಿ ಹೆಣ್ಣು-ಗಂಡು, ಮೇಲು-ಕೀಳೆನ್ನದೆ ಮಾತಿಗೆ ಅವಕಾಶ ಕೊಟ್ಟ ಮಹಾನುಭಾವರ ಮೂರ್ತಿ ಸಂಸತ್ತಿನ ಗೋಪುರ ಕಾಣುವ ದಂಡೆಯಲ್ಲಿದೆಯೆಂದು ಹೆಮ್ಮೆಯಾಯಿತು. ಗೆಳೆಯನ ಮಗ ಜೊತೆಗಿದ್ದ. ಮನೆಯಲ್ಲಿ ತಾಯಿ ಕಲಿಸಿದ ಕನ್ನಡವನ್ನು ನಿಧಾನವಾಗಿ, ಹುಡುಕಿ ಹುಡುಕಿ ಆಡುತ್ತಾನೆ. "ಕಾಕಾ, ಅಪ್ಪ ಇಲ್ಲಿ ಬಂದರೆ ಕೈ ಮುಗೀತಾರೆ. ಆ ಗೋಡೆ ಹತ್ರ ಹೋದರೆ ಮಾತು ಬಿಡ್ತಾರೆ. ಯಾವುದು ದೊಡ್ಡದು?" ಎಂದು ಕೇಳಿದ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನಗೆ ಆ ಹುಡುಗನ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಗೆಳೆಯನೇ ಉತ್ತರಿಸಿದ: "ಇವರು ಹೇಳಿದ್ದನ್ನ ಅಲ್ಲಿ ಮಾಡಬೇಕಪ್ಪಾ. ಎರಡೂ ಒಂದೇ ದಾರಿ ಮ್ಯಾಲ ಅದಾವ." ಸ್ಥಾವರ ಮತ್ತು ಜಂಗಮದ ವಿಚಾರವಾಗಿ ನಾನು ಕೇಳಿದ ಪ್ರವಚನಗಳು ಅನೇಕ. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದ್ದನ್ನು ಕೇಳಿರಲಿಲ್ಲ.

ಉಳಿದ ನೋಟಗಳನ್ನು ಬೇಗನೆ ಮುಗಿಸುತ್ತೇನೆ. 1753ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಮ್ಯೂಸಿಯಂ ನೋಡಲು ಶುಲ್ಕವಿಲ್ಲ. ಅಲ್ಲಿ ಕೃಷ್ಣಾತೀರದ ಅಮರಾವತಿ ಸ್ತೂಪದ ಶಿಲ್ಪಗಳನ್ನು ಗಾಜಿನ ಹಿಂದೆ ಕಾಪಾಡಿಟ್ಟಿದ್ದಾರೆ. ನಮ್ಮ ಊರ ಸಮೀಪ ಹಾದುಹೋಗುವ ಹೊಳೆಯ ದಂಡೆಯ ಕಲ್ಲುಗಳನ್ನು ಸಾವಿರಾರು ಮೈಲಿ ದೂರದಲ್ಲಿ ಕಂಡಾಗ ಸಂತೋಷವೂ ಸಂಕಟವೂ ಒಟ್ಟಿಗೆ ಆದವು. ಆ ದೇಶದ ಕನ್ನಡಿಗರು 1983ರಲ್ಲಿ ಕಟ್ಟಿಕೊಂಡ ಕನ್ನಡ ಬಳಗವು ನಾಲ್ಕು ದಶಕಗಳನ್ನು ದಾಟಿ ನಡೆದಿದೆಯೆಂಬುದೂ ಸಂತಸದ ವಿಷಯ. ಯುಗಾದಿ, ದೀಪಾವಳಿಗೆ ಕುಟುಂಬಗಳು ಒಂದೆಡೆ ಸೇರುತ್ತವೆ. ಮಕ್ಕಳ ನಾಲಗೆಯ ಮೇಲೆ ಕನ್ನಡ ಒಂದಿಷ್ಟಾದರೂ ಉಳಿದಿರುವುದು ಮನೆಯ ತಾಯಂದಿರಿಂದ ಹಾಗೂ ಇಂಥ ಕೂಟಗಳಿಂದ.

ನಾಲ್ಕನೆಯ ದಿನ ಕಾರಹುಣ್ಣಿಮೆ. ನಮ್ಮಲ್ಲಿ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕರಿ ಹರಿಯುವ ಹಬ್ಬ. ಅಲ್ಲಿ ಎತ್ತುಗಳಿಲ್ಲ, ಗೆಳೆಯನ ಹೆಂಡತಿ ಕಣಕದಲ್ಲಿ ಎರಡು ಪುಟ್ಟ ಎತ್ತು ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಳಿಗೆಯ ನೈವೇದ್ಯ ಮಾಡಿದಳು. ಊಟವಾದ ಮೇಲೆ ಹಿತ್ತಲಿನಲ್ಲಿ ಕುಳಿತೆವು. ಚಂದ್ರ ನಮ್ಮ ಊರಿನಂತೆ ನೆತ್ತಿಗೆ ಬರಲಿಲ್ಲ. ಮನೆಗಳ ಮಾಳಿಗೆಯ ಅಂಚಿಗೆ ತಾಗುವಷ್ಟು ಕೆಳಗೇ ಸರಿದು ಹೋಗುತ್ತಿದ್ದ. ಅವ್ವನ ಮಾತನ್ನು ಅವನ ಮುಂದಿಟ್ಟೆ: "ಎಷ್ಟಾದ್ರ ಸಾಕು ಅಂತ ಕೇಳ್ಯಾಳ."

ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಮೊದಲು ಲೆಕ್ಕ ಹೇಳಿದ. 2009ರ ಹೊತ್ತಿಗೆ ಒತ್ತೆಯಿಟ್ಟ ಹೊಲ ಬಿಡಿಸಿದ್ದಾಯಿತು. ತಂಗಿಯ ಮದುವೆಯಾಯಿತು. ಊರ ಮನೆಯ ಮಾಳಿಗೆ ಕೆಡವಿ ಹೊಸದಾಗಿ ಕಟ್ಟಿಸಿದ್ದಾಯಿತು. ಮಗಳ ಓದು ಮುಗಿಯಿತು. ಪ್ರತಿಯೊಂದು ಮುಗಿದಾಗಲೂ ಇನ್ನೊಂದು ಎದುರಿಗೆ ಬಂದು ನಿಂತಿತು. ವಾರದ ಪಾಳಿಗಳ ಮೇಲೆ ಶನಿವಾರ, ಭಾನುವಾರವೂ ಹೆಚ್ಚಿನ ಪಾಳಿ ಮಾಡುತ್ತಿದ್ದ. ಆಗ ಒಳಗಿನಿಂದ ಅವನ ಹೆಂಡತಿ ಹೇಳಿದಳು: "ಅದನ್ನ ಹೋದ ವರ್ಷ ನಾನೇ ಬಿಡಿಸೀನಿ ಅಣ್ಣಾರ. ಹೆಚ್ಚಿನ ರೊಕ್ಕ ಬ್ಯಾಡ, ಶನಿವಾರ ಮನ್ಯಾಗ ಕೂಡ್ರಿ ಅಂದೆ." ಅಮರೇಶ್ವರದ ಲಕ್ಕಮ್ಮ ತಾಯಿಯ ಮಾತು ಈಸ್ಟ್ ಹ್ಯಾಮಿನ ಅಡುಗೆಮನೆಯಿಂದ ಬಂದಂತಾಯಿತು.

ಕೊನೆಗೆ ಗೆಳೆಯ ಹೇಳಿದ: "ಸಾಕು ಅನ್ನೂದು ನನಗ ಗೊತ್ತಾಗೇದಂತ ಅವ್ವಗ ಹೇಳು. ಬಿಡೂದು ಹೆಂಗ ಅಂತ ಇನ್ನೂ ಕಲೀಲಿಕ್ಕೆ ಹತ್ತೀನಿ. ಇಲ್ಲಿ ರೊಕ್ಕ ಒಂದೇ ನನ್ನ ಹಿಡಿದಿಲ್ಲ. ಈ ಕೈಗೆ ಇಲ್ಲಿ ಕೆಲಸ ಅದ. ಹಾಸಿಗಿ ಹಿಡಿದವರು ನನ್ನ ದಾರಿ ನೋಡ್ತಾರ." ಅರವತ್ತು ತುಂಬಿದ ಮೇಲೆ ಕೆಲಸದ ದಿನಗಳನ್ನು ಕಡಿಮೆ ಮಾಡಿಕೊಂಡು, ವರ್ಷಕ್ಕೆ ಮೂರು ತಿಂಗಳು ಊರಲ್ಲಿರುವ ಯೋಚನೆ ಅವನದು.

ತಾಯಿಯನ್ನೇ ಏಕೆ ಕರೆಸಿಕೊಳ್ಳಬಾರದೆಂದು ಓದುಗರು ಕೇಳಬಹುದು. ಊರಲ್ಲಿಯೂ ಹಲವರು ಕೇಳುತ್ತಾರೆ. ಅದು ಅಷ್ಟು ಸುಲಭವಲ್ಲ. ವಯಸ್ಸಾದ ತಂದೆ-ತಾಯಿಗಳನ್ನು ಕಾಯಂ ಆಗಿ ಕರೆಸಿಕೊಳ್ಳುವ ನಿಯಮಗಳನ್ನು ಬ್ರಿಟನ್ 2012ರ ಜುಲೈ ತಿಂಗಳಿಂದ ಬಹಳ ಬಿಗಿಗೊಳಿಸಿತು. ನಿತ್ಯದ ಕೆಲಸಗಳಿಗೂ ಇನ್ನೊಬ್ಬರ ನೆರವು ಬೇಕಾಗುವಷ್ಟು ಅಶಕ್ತರಾಗಿರಬೇಕು. ಸ್ವದೇಶದಲ್ಲಿ ಹಣ ಕೊಟ್ಟರೂ ಅಂಥ ನೆರವು ಸಿಗುವುದಿಲ್ಲವೆಂದು ತೋರಿಸಬೇಕು. ನೋಡಿ ಹೋಗಲು ಬರುವವರಿಗೆ ಒಮ್ಮೆಗೆ ಆರು ತಿಂಗಳು ಮಾತ್ರ ಅವಕಾಶ. ನಡೆದಾಡುವ, ತನ್ನ ರೊಟ್ಟಿ ತಾನೇ ಬಡಿದುಕೊಳ್ಳುವ ತಾಯಿಗೆ ಅಲ್ಲಿ ಜಾಗವಿಲ್ಲ. ವಿದೇಶಕ್ಕೆ ಹೋಗುವ ಮಕ್ಕಳ ಮನೆಯವರು ಈ ಸಂಗತಿಯನ್ನು ಹೊರಡುವ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಮುಂದೆ ನೋಡೋಣ, ಕರೆಸಿಕೊಂಡರಾಯಿತೆಂಬ ಭರವಸೆಯ ಮೇಲೆ ಎಷ್ಟೋ ಮನೆಗಳಲ್ಲಿ ಹಿರಿಯರು ದಿನ ನೂಕುತ್ತಿದ್ದಾರೆ.

ಅಮೆರಿಕದಿಂದ ಮರಳಿದ ಮೇಲೆ ಗೆಳೆಯನ ತಾಯಿಗೆ ಎಲ್ಲವನ್ನೂ ವಿವರವಾಗಿ ಹೇಳಿದೆ. ಮನೆ, ಬೀದಿ, ಊಟಕ್ಕೆ ಕೂಡುವ ಹುಡುಗಿಯರು, ಗುರುದ್ವಾರದ ತಟ್ಟೆಗಳು, ಮುದುಕನ ಬಾಯಿಗೆ ಹನಿಸಿದ ನೀರು. ಕೊನೆಯ ಮಾತು ಕೇಳಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾರ ನಮ್ಮಪ್ಪ ಕೈ ಕಟ್ಟಿ ಕುಂತಿಲ್ಲ. ಯಜಮಾನರಿಗೆ ಆ ನೀರು ಮುಟ್ಟೇದ" ಎಂದಳು. ಅದೇ ವರ್ಷದ ಎಳ್ಳಮಾವಾಸ್ಯೆಗೆ ಗೆಳೆಯ ಬಂದ. ಹೊಲದಲ್ಲಿ ಚರಗ ಚೆಲ್ಲಿ, ತಂದೆಯ ಸಮಾಧಿಗೆ ಎಡೆ ಹಿಡಿದು, ಐದು ವಾರ ಇದ್ದು ಹೋದ. ಮೂರು ತಿಂಗಳ ಮಾತು ಇನ್ನೂ ಮುಂದಿದೆ. ತಾಯಿ ಅದನ್ನು ಕೊರತೆಯೆಂದು ಎಣಿಸಲಿಲ್ಲ; ಮಗನ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೋಡಿದಳು.

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಒಬ್ಬ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಅವರ ಸಂಬಳವನ್ನು ವಿಚಾರಿಸುವವರು ಬಹಳ. ಅವರ ಪಾಳಿಯನ್ನು, ಅವರ ಊಟವನ್ನು, ಅವರ ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತಾರೆಂಬುದನ್ನು ವಿಚಾರಿಸುವವರು ಕಡಿಮೆ. ಪ್ರವಾಸಕ್ಕೆ ಹೋಗುವವರು ಗೋಪುರ, ಸೇತುವೆಗಳನ್ನು ಅವಶ್ಯವಾಗಿ ನೋಡಲಿ. ಆದರೆ ಆ ಊರಿನಲ್ಲಿ ನಮ್ಮವರ ಮನೆಯೊಂದಿದ್ದರೆ ಒಂದು ದಿನ ಅಲ್ಲಿ ಇದ್ದು, ಅವರ ಸಾಲಿನಲ್ಲಿ ಕುಳಿತು ಉಂಡು, ತಟ್ಟೆ ತೊಳೆದಿಟ್ಟು ಬರಲಿ. ಬರುವಾಗ ಊರಲ್ಲಿರುವ ಹಿರಿಯರಿಗೆ ಅವರ ನಿಜವಾದ ಸುದ್ದಿಯನ್ನು ಹೊತ್ತು ತರಲಿ. ಎಷ್ಟಾದರೆ ಸಾಕೆಂಬ ಪ್ರಶ್ನೆ ಹೋದವರಿಗೆ ಮಾತ್ರ ಸೇರಿದ್ದಲ್ಲ. ಅವರು ಕಳಿಸುವ ಹಣದಿಂದ ಇಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಕಟ್ಟುವ ನಮಗೂ ಸೇರಿದ್ದು. ಆ ಪ್ರಶ್ನೆಯನ್ನು ಮನೆಮಂದಿ ಒಟ್ಟಿಗೆ ಕುಳಿತು ಕೇಳಿಕೊಂಡರೆ ಎಷ್ಟೋ ಮಕ್ಕಳ ಹೆಗಲ ಭಾರ ಇಳಿದೀತು.